ಏನಂತದ ಕಟ್ಟಿಗಿ?

ನಿಲಂಗಾದಿಂದ ಅಕ್ಕ ಒಂದು ಗಂಟು ಕಳಿಸಿದ್ದಳು. ಬಸ್ಸಿನ ಡ್ರೈವರನ ಕೈಗೆ ಕೊಟ್ಟು, ನನಗೆ ಫೋನ್ ಹಚ್ಚಿ, "ದೇವಣಿ ಸ್ಟ್ಯಾಂಡಿನ್ಯಾಗ ಇಸ್ಕೋ. ಒಳಗ ನಿನ್ನ ಬದನಿಕಾಯಿ ಅದ" ಎಂದು ನಕ್ಕಿದ್ದಳು. ಬಿಚ್ಚಿ ನೋಡಿದರೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗೇಣುದ್ದದ ಕಟ್ಟಿಗೆಯ ದೀಪ. ತಲೆಯ ಮೇಲಿನ ಹಿತ್ತಾಳೆ ಬಟ್ಟಲು ಸಡಿಲಾಗಿ, ಮುದುಕನ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಅದನ್ನು ಗಟ್ಟಿ ಮಾಡಿ ಕೊಡಬೇಕಂತೆ.

ಯಾಕೋ ಮೂಗಿನ ಹತ್ತಿರ ಹಿಡಿದೆ. ಕುಸುಬೆ ಎಣ್ಣೆ, ಮೇಣ, ಸೀಸಂ ಕಟ್ಟಿಗೆ, ಸುಟ್ಟ ಬತ್ತಿಯ ತುದಿ... ಅಷ್ಟೇ ಸಾಕಾಯಿತು. ದೇವಣಿಯ ಸ್ಟ್ಯಾಂಡಿನಲ್ಲಿ ನಿಂತಿದ್ದವನು ಉದಗೀರದ ಆ ತಗಡಿನ ಶೆಡ್ಡಿಗೆ ಹೋಗಿಬಿಟ್ಟಿದ್ದೆ. ಟಿಕೆಟ್ಟೂ ತೆಗೆಸಲಿಲ್ಲ.

ಆ ಶೆಡ್ಡು ಮಾವಶಿಯದು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ನನಗೆ ಆಕೆ ಚಿಕ್ಕಮ್ಮನೂ ಅಲ್ಲ, ದೊಡ್ಡಮ್ಮನೂ ಅಲ್ಲ. ಇಡೀ ಓಣಿಗೆ ಆಕೆ ಖರಾದ ಮಾವಶಿ. ಮರದ ತುಂಡನ್ನು ಗರಗರ ತಿರುಗಿಸಿ, ಉಳಿ ಹಿಡಿದು ದುಂಡಗೆ ಮಾಡುವ ಯಂತ್ರಕ್ಕೆ ನಮ್ಮ ಕಡೆ ಖರಾದ ಎನ್ನುತ್ತಾರೆ. ಔರಾದ ಕಡೆಯಿಂದ ಮದುವೆಯಾಗಿ ಉದಗೀರಕ್ಕೆ ಬಂದವಳು ಆಕೆ. ಗಂಡ ಅದೇ ಯಂತ್ರದ ಮೇಲೆ ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲ ಕಂಬದ ತುದಿಗೆ ಕೂರುವ ಗುಂಬ ತಿರುವುತ್ತಿದ್ದನಂತೆ. ಆತ ತೀರಿಕೊಂಡ ಮೇಲೆ ಈಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಯಂತ್ರದ ಮುಂದೆ ನಿಂತಳು. ಆದರೆ ಮಂಚದ ಕಾಲು ಬಿಟ್ಟೇಬಿಟ್ಟಳು. ಕೇಳಿದವರಿಗೆ ಹೇಳುತ್ತಿದ್ದಳು, "ನಾಕೂ ಕಾಲ್ ಒಂದ್ಯಾ ಥರ ಆಗ್ಬೇಕು, ಇಲ್ಲಂದ್ರ ಮಲಗಿದಾಂವ ಉಳ್ಳಿ ಬೀಳ್ತಾನ. ದೀಪಕ್ಕ ಆ ತಾಪ ಇಲ್ಲ. ಒಂದ್ ದೀಪ ಮತ್ತೊಂದರಂಗ ಯಾಕ ಇರಬೇಕು? ನೀ ನಿಮ್ಮಣ್ಣನಂಗ ಅದಿಯೇನು?"

ಹಾಗೆ ಶುರುವಾದ ಪುಟ್ಟ ಅಲಂಕಾರದ ದೀಪಗಳು ದೀಪಾವಳಿಗೆ, ಉಡಿ ತುಂಬುವ ಕಾರ್ಯಕ್ಕೆ, ಹೊಸ ಮನೆಯ ದೇವರ ಜಗುಲಿಗೆ ಹೋಗುತ್ತಿದ್ದವು. ಕೆಲಸ ಕಲಿಯುತ್ತೇವೆ ಎಂದು ಬಂದವರಿಗೂ ಆಕೆ ಮೊದಲು ಕೊಡುತ್ತಿದ್ದದ್ದು ದೀಪವನ್ನೇ. ಅದು ಚಿಕ್ಕದು, ಕೆಟ್ಟರೆ ಒಲೆಗೆ ಆಯಿತು, ಕೆಡದಿದ್ದರೆ ದೇವರಿಗೆ ಆಯಿತು. ಹೊಸಬರೆಲ್ಲ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು. ಕಟ್ಟಿಗೆಯಲ್ಲಿ ದೀಪ ಮಾಡಿದರೆ ಹೊತ್ತಿಕೊಳ್ಳುವುದಿಲ್ಲವೇ? ಮಾವಶಿ ಹಿತ್ತಾಳೆ ಬಟ್ಟಲನ್ನು ಅವರ ಮುಂದೆ ಹಿಡಿದು, "ಬೆಂಕಿ ಇದರಾಗ ಕುಂದರ್ತದ. ಕಟ್ಟಿಗಿ ಬರೇ ಕುರ್ಚಿ. ಬಟ್ಟಲದ ಕಂಠ ಕಟ್ಟಿಗಿಕಿಂತ ಜರಾ ಮ್ಯಾಲ ಇರಬೇಕು, ಮಾಳಿಗಿ ಮ್ಯಾಲ ಕುಂತು ಓಣಿ ನೋಡೋ ಅತ್ತಿಯಂಗ" ಎನ್ನುತ್ತಿದ್ದಳು. ಅಲ್ಲಿಗೆ ಪಾಠ ಮುಗಿಯಿತು. ಆ ಅತ್ತೆಯನ್ನು ನಾವು ಯಾರೂ ಮರೆಯಲಿಲ್ಲ.

ನಾನು ಅಲ್ಲಿಗೆ ಹೋದದ್ದು ಕಲಿಯಲಿಕ್ಕಲ್ಲ. ಅಕ್ಕನ ಕೂಸಿನ ತೊಟ್ಟಿಲ ಗುಂಬ ಮುರಿದಿತ್ತು. ಹೊಸದನ್ನು ಮಾಡಿಸಿಕೊಂಡು ಬಾ ಎಂದು ಅವ್ವ ಅಟ್ಟಿದ್ದಳು. ಆಗ ನನ್ನ ಉದ್ಯೋಗವೆಂದರೆ ನಕಲಿ ಮಾಡುವುದು. ಕಂಡಕ್ಟರನ ಸೀಟಿ, ಎಮ್ಮೆಯ ಆಕಳಿಕೆ, ತಾಲೂಕು ಕಚೇರಿಯ ಫ್ಯಾನು, ಮದುವೆಯಲ್ಲಿ ಕರೆಯೋಲೆ ಬರಲಿಲ್ಲವೆಂದು ಮುನಿಸಿಕೊಂಡು ಊಟ ಮಾಡುವ ಸೋದರಮಾವ... ಏನನ್ನಾದರೂ ಬಾಯಲ್ಲಿ ತರುತ್ತಿದ್ದೆ. ದುಡಿಮೆಯನ್ನು ಬಿಟ್ಟು. ಅಪ್ಪ ಜನರ ಮುಂದೆ, "ನಮ್ಮಾಂವ ಎಲ್ಲಾರಂಗೂ ಆಗ್ತಾನ್ರಿ, ಮನಷ್ಯಾ ಒಂದ್ ಆಗವಲ್ಲ" ಎಂದು ಪರಿಚಯಿಸುತ್ತಿದ್ದ.

ಗುಂಬ ತಯಾರಾಗುವ ತನಕ ಸುಮ್ಮನೆ ಕೂಡಲಾರದೆ ಖರಾದದ ಸದ್ದನ್ನೇ ಹಿಡಿದೆ. ಮೋಟರಿನ ಗುಂಯ್‌ಗುಡುವಿಕೆ, ಅದರಿಂದ ಯಂತ್ರಕ್ಕೆ ಹೋಗುವ ಪಟ್ಟಾದ ಪಟಪಟ, ಉಳಿ ಕಟ್ಟಿಗೆ ಮುಟ್ಟಿದಾಗಿನ ಶೂ... ಕೆನ್ನೆ ಉಬ್ಬಿಸಿ, ಕಣ್ಣು ತಿರುಗಿಸಿ, ಮೈಯೆಲ್ಲ ನಡುಗಿಸಿ ಒಂದು ಪೂರ್ತಿ ಖರಾದವೇ ಆಗಿಬಿಟ್ಟೆ. ಮಾವಶಿ ಯಂತ್ರ ಬಂದ್ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣು ಒರೆಸಿಕೊಂಡು ಹೇಳಿದಳು, "ಏ ನಕಲಿ, ನಾಳಿಂದ ಬಾ. ನಿನ್ನಂಥಾಂವ ಬೇಕಾಗ್ಯಾನ ನನಗ."

ನನ್ನಂಥವನು ಯಾರಿಗಾದರೂ ಬೇಕಾದದ್ದು ಅದೇ ಮೊದಲು. ಮರುದಿನ ಬೆಳಿಗ್ಗೆಯೇ ಶೇರ್ ಆಟೋದ ಹಿಂದಿನ ಹಲಗೆಯ ಮೇಲೆ ನೇತಾಡಿಕೊಂಡು ಉದಗೀರ ಮುಟ್ಟಿದ್ದೆ.

ಶೆಡ್ಡಿನಲ್ಲಿ ಹೊಸಬನ ಕಣ್ಣಿಗೆ ಬೀಳುವಂಥವು ಎರಡು. ಒಂದು, ತಗಡಿನ ಚಾವಣಿಯಲ್ಲಿ ಒಂದು ತೂತು. ಹಿಂದೊಮ್ಮೆ ಬಿರುಕಿದ್ದ ಕಟ್ಟಿಗೆ ತಿರುಗುತ್ತ ತಿರುಗುತ್ತ ಒಡೆದು, ಸಿಡಿದು ಮೇಲೆ ಹೋದ ಗುರುತು ಅದು. ಅದರೊಳಗಿಂದ ಬಿಸಿಲಿನ ಒಂದು ಬಿಲ್ಲೆ ನೆಲಕ್ಕೆ ಬೀಳುತ್ತಿತ್ತು. ಮಾವಶಿಗೆ ಅದೇ ಗಡಿಯಾರ. ಬಿಲ್ಲೆ ಚಹಾದ ಕಿಟ್ಲಿಯ ಮೇಲೆ ಬಂದರೆ ಚಹಾ, ಬಾಗಿಲಿಗೆ ಬಂದರೆ ಮನೆಗೆ. ಮೋಡ ಮುಸುಕಿದ ದಿನ ಚಹಾಕ್ಕೆ ಹೊತ್ತುಗೊತ್ತೇ ಇರುತ್ತಿರಲಿಲ್ಲ; ಅಂಥ ದಿನಗಳು ನಮಗೆ ಭಾರಿ ಇಷ್ಟ.

ಎರಡನೆಯದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ದೊಡ್ಡ ಕೀಲಿ, ಎಂದರೆ ಬೀಗ. ಅದನ್ನು ತಂದು ತೂಗುಹಾಕಿದವನು ಆಕೆಯ ಒಬ್ಬನೇ ಮಗ. ಉಮರ್ಗಾದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದವನು. ನಮ್ಮ ಬಾಯಲ್ಲಿ ಸ್ಪೇರ್‌ಪಾರ್ಟ್ ಅಣ್ಣ. ಕಟ್ಟಿಗೆ ಸಿಡಿದ ಸುದ್ದಿ ಕೇಳಿದ ದಿನವೇ ಬಂದು, ತೂತು ನೋಡಿ, ತಾಯಿಯ ತಲೆ ನೋಡಿ, ಎರಡರ ನಡುವಿನ ಅಂತರ ನೋಡಿ, "ಅವ್ವಾ, ಇನ್ನೊಂದ್ ಸಲ ಹಿಂಗಾತಂದ್ರ ಇದ್ಯಾ ಕೀಲಿ ಹಾಕಾಂವ ನಾ. ಸುಮ್ಮ ಉಮರ್ಗಾಕ್ಕ ಬಂದು ಮೊಮ್ಮಕ್ಕಳ ಜೋಡಿ ಇರು" ಎಂದು ಹೇಳಿ, ಕೀಲಿ ಮೊಳೆಗೆ ಹಾಕಿ, ಅದರ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದನಂತೆ. ಒಳ್ಳೆಯ ಮನುಷ್ಯ. ಅದೇ ಕಷ್ಟ, ಕೆಟ್ಟವನಾಗಿದ್ದರೆ ಮಾವಶಿ ಎರಡು ಮಾತು ಬೈದು ಮುಗಿಸುತ್ತಿದ್ದಳು. ಕೀಲಿಯ ಮೇಲೆ ಆಕೆ ತನ್ನ ಕೈವಸ್ತ್ರ ಒಣಹಾಕುತ್ತಿದ್ದಳು. ಒಣಗಿದರೂ ತೆಗೆಯುತ್ತಿರಲಿಲ್ಲ.

ಆಕೆ ಕಲಿಸುತ್ತಿದ್ದ ರೀತಿಯೇ ಬೇರೆ. ಆಕೆ ಉಳಿ ಹಿಡಿದಾಗ ಕಲಿಯುವವರಲ್ಲಿ ಒಬ್ಬರು ಖರಾದದ ಆಚೆ ಬದಿಗೆ, ಆಕೆಯ ಎದುರಿಗೆ ನಿಲ್ಲಬೇಕು. ಕೆಲಸ ನಡೆದಿದ್ದಂತೆಯೇ ಆಕೆ ಕೇಳುವಳು, "ಏನಂತದ ಕಟ್ಟಿಗಿ?" ಎದುರಿಗಿದ್ದವರು ಅದು ಮಾಡುವ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಉಳಿ ಹರಿತವಿದ್ದು ಕೈ ಸರಿ ಇದ್ದರೆ ಶೂ ಎಂಬ ಉದ್ದನೆಯ ಸದ್ದು. ಉಳಿ ಮೊಂಡಾಗಿದ್ದರೆ ಕರಕರ. ಕಟ್ಟಿಗೆ ಇನ್ನೂ ಚೌಕವಿದ್ದರೆ ಧಡಧಡ. ಎಲ್ಲಕ್ಕಿಂತ ಕೆಟ್ಟದ್ದು ಟಿಕ್ ಟಿಕ್. ಹಾಗೆಂದರೆ ಒಳಗೆ ಬಿರುಕಿದೆ, ಯಂತ್ರ ನಿಲ್ಲಿಸಬೇಕು. ಹೊಸಬರ ಕಿವಿ ತಯಾರು ಮಾಡುವ ಪಾಠ ಇದು ಎಂದು ನಾವೆಲ್ಲ ತಿಳಿದಿದ್ದೆವು. ಉಳಿದವರು ನಾಚಿಕೊಂಡು ತುಟಿ ಅಲುಗಿಸಿದರೆ ಮಾವಶಿಗೆ ಸಮಾಧಾನವಿಲ್ಲ. "ಬಾಯಿ ತೆರದು ಹೇಳು, ಮದವಣಗಿತ್ತಿ ಅದಿಯೇನು?" ನಾನು ನಿಂತ ದಿನ ಮಾತ್ರ ಆಕೆಗೆ ಹಬ್ಬ. ಶೂ ಎಂದರೆ ನನ್ನ ತುಟಿ ಸೂಜಿಯ ಹಾಗೆ ಮುಂದೆ ಹೋಗುತ್ತಿತ್ತು, ಕರಕರ ಎಂದರೆ ಮುಖವೇ ಹುಣಸೆಹಣ್ಣು.

ನನ್ನ ಕೈಕೆಲಸದ ಬಗ್ಗೆ ಕಡಿಮೆ ಹೇಳಿದಷ್ಟೂ ಚಲೋ. ದೀಪಕ್ಕೆ ಕೆಳಗೆ ಅಗಲವಾದ ಪಾದ, ನಡುವೆ ಸಣ್ಣ ಕುತ್ತಿಗೆ, ಮೇಲೆ ಬಟ್ಟಲು ಕೂರುವ ತಲೆ. ಹೊಸಬರೆಲ್ಲ ಕುತ್ತಿಗೆಯಲ್ಲಿ ಸಾಯುತ್ತಾರೆ. ಇನ್ನಷ್ಟು ಸಣ್ಣ, ಇನ್ನಷ್ಟು ಚಂದ ಎಂದು ಆಸೆಗೆ ಬಿದ್ದು ಕಟಕ್ಕೆಂದು ಮುರಿದುಕೊಳ್ಳುತ್ತಾರೆ. ನಾನೂ ಬೇಕಾದಷ್ಟು ಮುರಿದೆ. ಕೊನೆಗೆ ಹೆದರಿ ಕುತ್ತಿಗೆಯನ್ನೇ ಬಿಟ್ಟು ಒಂದು ದೀಪ ಮುಗಿಸಿದೆ. ಅದು ತೊಟ್ಟಿನ ಮೇಲೆ ನಿಲ್ಲಿಸಿದ ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಮಾವಶಿ ಅದನ್ನು ಬೆಳಕಿಗೆ ಹಿಡಿದು ಸುತ್ತೆಲ್ಲ ತಿರುಗಿಸಿ, "ಇದು ಯಾರಂಗೂ ಇಲ್ಲ ನೋಡು. ಮೊದಲ್ನೇ ಸಲ ನೀ ನಕಲಿ ಮಾಡಿಲ್ಲ" ಎಂದಳು. ಬೈದಳೋ ಹೊಗಳಿದಳೋ ಇವತ್ತಿಗೂ ಗೊತ್ತಾಗಿಲ್ಲ. ಹೊಗಳಿದಳೆಂದೇ ಇಟ್ಟುಕೊಂಡಿದ್ದೇನೆ, ಅಕ್ಕನಿಗೂ ಹಾಗೆಯೇ ಹೇಳಿ ಕೊಟ್ಟಿದ್ದೆ.

ಚಹಾದ ಹೊತ್ತಿಗೆ ನನ್ನ ಕಾರ್ಯಕ್ರಮ. ನನ್ನ ನಕಲಿಗೆ ಮಾವಶಿಯಷ್ಟು ನಕ್ಕವರು ಈ ಮೂರು ತಾಲೂಕುಗಳಲ್ಲಿ ಇನ್ನೊಬ್ಬರಿಲ್ಲ. ನಾನು ಕಳಿಸಿದ ನಕಲಿಯ ವೀಡಿಯೋಗಳನ್ನೂ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿ ನಗುತ್ತಿದ್ದಳು. ಸದ್ದು ಮಾತ್ರ ಬಂದ್ ಮಾಡಿಯೇ ನೋಡುವಳು. ಪಕ್ಕದ ಮನೆಯವರಿಗೆ ತ್ರಾಸಾಗಬಾರದೆಂದು ಇರಬೇಕು, ಎಷ್ಟು ಸೂಕ್ಷ್ಮದ ಹೆಂಗಸು ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೆ...

ಒಂದು ದಿನ ಕರೆಂಟ್ ಹೋಗಿತ್ತು. ಯಂತ್ರ ನಿಂತು ಶೆಡ್ಡು ಶಾಂತವಾಗಿತ್ತು. ಮಾವಶಿ ಬಾಗಿಲ ಬೆಳಕಿಗೆ ಮುಖ ಮಾಡಿ ಕೂತು ಉಳಿ ಮಸೆಯುತ್ತಿದ್ದಳು. ನಾನು ಆಕೆಯ ಬೆನ್ನ ಹಿಂದೆ ನಿಂತು, ಸೊಂಟಕ್ಕೆ ಕೈಯಿಟ್ಟು, ಥೇಟ್ ಆಕೆಯ ದನಿಯಲ್ಲೇ "ಏನಂತದ ಕಟ್ಟಿಗಿ?" ಎಂದೆ. ಉಳಿದವರು ಕಿಸಕ್ಕೆಂದರು. ಆಕೆ ತಿರುಗಲಿಲ್ಲ. ಸಿಟ್ಟಾದಳೇನೋ ಎನಿಸಿತು. ಇನ್ನೂ ಹತ್ತಿರ ಹೋಗಿ ಇನ್ನೂ ಜೋರಾಗಿ ಅಂದೆ. ಉಳಿ ಮಸೆಯುವ ಕೈ ತಪ್ಪಲಿಲ್ಲ. ಆಮೇಲೆ ನೀರಿಗೆಂದು ತಿರುಗಿದವಳು ಸೊಂಟದ ಮೇಲಿನ ನನ್ನ ಕೈ ಕಂಡು, "ಹಾಳಾದಾಂವ, ನನ್ನ ನಕಲಿ ಮಾಡ್ಲತ್ತೀ?" ಎಂದು ಬಿದ್ದು ಬಿದ್ದು ನಕ್ಕಳು.

ಅವತ್ತು ಚಹಾದ ಹೊತ್ತಿಗೆ ನಾನು ಒಂದು ಪರೀಕ್ಷೆ ಮಾಡಿದೆ. ಉದಗೀರ ಬಸ್ಸಿನ ಕಂಡಕ್ಟರನ ನಕಲಿ ಶುರು ಮಾಡಿ, ನಡುವೆ ದನಿ ಬಂದ್ ಮಾಡಿಬಿಟ್ಟೆ. ಬರೀ ಬಾಯಿ, ಕಣ್ಣು, ಹುಬ್ಬು, ಕೈ. ಉಳಿದವರು ಏನಾಯಿತೋ ಎಂದು ಮುಖ ನೋಡಿಕೊಂಡರು. ಮಾವಶಿಯ ನಗು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ನಾನು ಆ ನಕಲಿ ಬಸ್ಸಿನೊಳಗೇ ನಿಂತುಬಿಟ್ಟೆ... ಇಳಿಯಲಿಕ್ಕೂ ತೋಚಲಿಲ್ಲ. ವರ್ಷಗಟ್ಟಲೆ ಯಂತ್ರದ ಪಕ್ಕದಲ್ಲಿ ನಿಂತು ಆಕೆಯ ಕಿವಿ ಹೋಗಿಬಿಟ್ಟಿತ್ತು. ಆಕೆ ಜೋರಾಗಿ ಮಾತಾಡುವುದು ಯಂತ್ರದ ಸದ್ದಿಗೆ ಎಂದು ತಿಳಿದಿದ್ದೆವು. ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಮತ್ತು ಆ "ಏನಂತದ ಕಟ್ಟಿಗಿ?" ನಮಗೆ ಪಾಠವೇ ಆಗಿರಲಿಲ್ಲ. ಆಕೆಗೆ ನಿಜಕ್ಕೂ ಗೊತ್ತಾಗಬೇಕಿತ್ತು. ಚಾವಣಿ ತೂತಾದದ್ದು ಹೇಗೆಂದೂ ಆಗಲೇ ತಿಳಿಯಿತು. ಅವತ್ತು ಎದುರಿಗೆ ಯಾರೂ ಇರಲಿಲ್ಲ. ಕಟ್ಟಿಗೆ ಟಿಕ್ ಟಿಕ್ ಎಂದಿತ್ತು, ಕೇಳಿಸಿಕೊಂಡವರಿಲ್ಲ.

ನನ್ನ ದುಃಖವೇ ಬೇರೆ ಇತ್ತು. ದೇವಣಿಯ ಮಹಾ ನಕಲಿಗಾರನ ಮೊದಲ ನಂಬರಿನ ಅಭಿಮಾನಿಗೆ ಕಿವಿಯೇ ಕೇಳಿಸುವುದಿಲ್ಲ! ನನ್ನ ಕಂಠಕ್ಕೆ ಮೆಚ್ಚಿದ್ದಾಳೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಮೆಚ್ಚಿದ್ದು ಈ ಕೋತಿ ಮುಖವನ್ನು. ಆಟೋದಲ್ಲಿ ದೇವಣಿ ಮುಟ್ಟುವ ತನಕ ಡ್ರೈವರನ ಕನ್ನಡಿಯಲ್ಲಿ ಅದೇ ಮುಖ ನೋಡಿಕೊಂಡೆ. ಇಳಿಯುವಾಗ ನಗು ಬಂದಿತ್ತು.

ಮರುದಿನದಿಂದ ಎದುರು ಜಾಗ ನನ್ನದೇ ಆಯಿತು. ಯಾರಿಗೂ ಕಾರಣ ಹೇಳಲಿಲ್ಲ. ಮಾವಶಿಗೂ ಹೇಳಲಿಲ್ಲ. ಆಕೆಯೂ ಕೇಳಲಿಲ್ಲ. ಬರೀ ನನ್ನ ಚಹಾದಲ್ಲಿ ಶುಂಠಿ ಹೆಚ್ಚು ಬೀಳತೊಡಗಿತು.

ದೀಪಾವಳಿ ಹತ್ತಿರ ಬಂದಾಗ ಸ್ಪೇರ್‌ಪಾರ್ಟ್ ಅಣ್ಣ ಬಂದ, ಹೇಳದೆ ಕೇಳದೆ. ಶೆಡ್ಡಿನ ತುಂಬ ಹೊಸಬರು, ಮಾವಶಿಯ ಕೈಯಲ್ಲಿ ಸೀಸಂ ಕಟ್ಟಿಗೆಯ ದೀಪ, ನಾನು ಎದುರಿಗೆ. ಅಣ್ಣ ಸೀದಾ ಒಳಗೆ ಬಂದು, "ಸರಿಯಪ್ಪಾ ಜರಾ, ಅವ್ವ ಮಾಡೋದು ನೋಡ್ತೀನಿ" ಎಂದು ನನ್ನ ಭುಜ ಹಿಡಿದು ಬದಿಗೆ ಮಾಡಿ, ನನ್ನ ಜಾಗದಲ್ಲಿ ತಾನೇ ನಿಂತುಕೊಂಡ. ಪಾರಿಜಾತದ ಗಿಡದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿದ ಹಾಗೆ. ಅವನ ಹಿಂದೆ ನಾನು ಕಾಣಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಶುರುವಾಯಿತು. ಟಿಕ್... ಟಿಕ್... ಟಿಕ್.

ಮಾವಶಿ ಉಳಿ ತೆಗೆಯದೆ ಕೇಳಿದಳು, "ಏನಂತದ ಕಟ್ಟಿಗಿ?"

"ಏನಂತಿರ್ತದವ್ವಾ? ಮಶೀನ್ ಅದ, ಘರ್ ಅಂತದ" ಎಂದ ಮಗ.

ಟಿಕ್ ಟಿಕ್ ಟಿಕ್ ಟಿಕ್. ಸ್ವಿಚ್ಚು ಆಕೆಯ ಬದಿಗಿತ್ತು. ನಾನು ಕೂಗಿದರೆ ಆಕೆಗೆ ಕೇಳಿಸದು, ಕೇಳಿಸದೆಂಬುದು ಮಗನಿಗೆ ಗೊತ್ತಾಗುವುದು, ಕೀಲಿ ಮೊಳೆಯಿಂದ ಇಳಿಯುವುದು. ಕೂಗದಿದ್ದರೆ ಕಟ್ಟಿಗೆ ಆಕೆಯ ಮುಖಕ್ಕೆ ಬರುವುದು. ಯೋಚಿಸುವ ಚಟ ನನಗೆ ಮೊದಲೇ ಇಲ್ಲ. ಅಣ್ಣನ ಹಿಂದಿದ್ದ ಕಟ್ಟಿಗೆ ರಾಶಿಯ ಮೇಲೆ ಹಾರಿ ನಿಂತು, ಅವನ ತಲೆಯ ಮೇಲಿಂದ ನನ್ನ ಮುಖ ಎತ್ತಿ, ಬಿರುಕುಬಿಟ್ಟ ಕಟ್ಟಿಗೆಯೇ ಆದೆ. ಎಡಗಣ್ಣು ಟಿಕ್, ಬಲಗಣ್ಣು ಟಿಕ್, ದವಡೆ ಟಿಕ್, ಕುತ್ತಿಗೆ ಟಿಕ್. ಜೀವಮಾನದಲ್ಲಿ ಅಷ್ಟು ಚಲೋ ನಕಲಿ ನಾನು ಮಾಡಿಲ್ಲ. ಒಂದು ಸದ್ದೂ ಇಲ್ಲದೆ.

ಮಾವಶಿಯ ಕಣ್ಣು ಮೇಲೆ ಬಂತು. ಕೈ ಸ್ವಿಚ್ಚಿಗೆ ಹೋಯಿತು. ಯಂತ್ರ ನಿಂತಿತು. ಅದೇ ಹೊತ್ತಿಗೆ ಅಣ್ಣ ತಿರುಗಿ ನೋಡಿದ. ನನ್ನ ದವಡೆ ಇನ್ನೂ ಒಂದು ಕಡೆಗೇ ಇತ್ತು.

ಮಾವಶಿ ದೀಪವನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಒತ್ತಿದಳು. ಅದು ಶೇಂಗಾ ಸುಲಿದಂತೆ ಎರಡು ಹೋಳಾಯಿತು. ಮಗನ ಮುಂದೆ ಹಿಡಿದು, ಗತ್ತಿನಿಂದ, "ನೋಡು, ಒಳಗ ಬಿರುಕದ. ನನಗ ತಿಳೀತದ" ಎಂದಳು.

ಅಣ್ಣ ಹೋಳುಗಳನ್ನು ನೋಡಿದ. ತಾಯಿಯನ್ನು ನೋಡಿದ. ಕಟ್ಟಿಗೆ ರಾಶಿಯ ಮೇಲೆ ಕೊಕ್ಕರೆಯಂತೆ ನಿಂತಿದ್ದ ನನ್ನನ್ನು ತುಸು ಹೆಚ್ಚೇ ನೋಡಿದ. ಬಾಗಿಲ ಪಕ್ಕದ ಮೊಳೆಯನ್ನೂ ನೋಡಿದ. ಚಹಾ ಕುಡಿದು, ಆಕೆಯ ಕಾಲು ಮುಟ್ಟಿ ನಮಸ್ಕರಿಸಿ ಹೋದ. ಅವನು ಹೋದ ಮೇಲೆ ಮಾವಶಿ ಬಹಳ ಹೊತ್ತು ಕೈವಸ್ತ್ರದಿಂದ ಆ ಕೀಲಿಯನ್ನೇ ಒರೆಸುತ್ತ ನಿಂತಿದ್ದಳು. ಅವತ್ತು ನಾನು ನಕಲಿ ಮಾಡಲಿಲ್ಲ. ಆಕೆಯೂ ಮಾಡು ಅನ್ನಲಿಲ್ಲ.

ಹಬ್ಬ ಮುಗಿದ ಮೇಲೆ ಅವನು ಮತ್ತೆ ಬಂದ. ಕೈಯಲ್ಲಿ ಒಂದು ಭಾರದ ಚೀಲ. ಸೀದಾ ಮೊಳೆಯ ಹತ್ತಿರ ಹೋಗಿ, ಆಕೆಯ ಕೈವಸ್ತ್ರ ತೆಗೆದು, ಕೀಲಿಯನ್ನು ಕೈಗೆ ತೆಗೆದುಕೊಂಡ. ಮಾವಶಿ ಉಳಿಯನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು, ಊರಿಗೆ ಹೊರಡುವವಳಂತೆ. 

ಅವನು ಕೀಲಿಯನ್ನು ಚೀಲದೊಳಗೆ ಹಾಕಿದ. ಒಳಗಿಂದ ಒಂದು ಹೊಸ ಕನ್ನಡಿ ತೆಗೆದ. ಟ್ರ್ಯಾಕ್ಟರಿನ ಪಕ್ಕದಲ್ಲಿ ಉದ್ದ ಕೋಲಿಗೆ ಹಚ್ಚಿರುತ್ತಾರಲ್ಲ, ಹಿಂದಿನಿಂದ ಬರುವ ಗಾಡಿ ಕಾಣಲಿಕ್ಕೆ, ಅಂಥದ್ದು. ಖರಾದದ ಆಚೆ ಬದಿಗೆ, ನಾವು ನಿಲ್ಲುತ್ತಿದ್ದ ಜಾಗದ ಪಕ್ಕದಲ್ಲೇ, ನಟ್ಟು ಬೋಲ್ಟು ಹಾಕಿ ಬಿಗಿದ. ತಾಯಿಯ ಎತ್ತರಕ್ಕೆ ಬಗ್ಗಿ ನೋಡಿ, ಆಚೀಚೆ ತಿರುಗಿಸಿ ಸರಿಮಾಡಿದ. ಆಮೇಲೆ ಆಕೆಯ ಮುಂದೆ ನಿಂತು, ಬಾಯಿ ಚೆನ್ನಾಗಿ ತೆರೆದು, ನಿಧಾನವಾಗಿ ಹೇಳಿದ, "ಅವ್ವಾ, ಈಗ ಯಾರ್ ಎಲ್ಲಿ ನಿಂತರೂ ಅವರ ಮಾರಿ ಕಾಣ್ತದ ನಿನಗ."

ಮಾವಶಿ ಅವನ ತಲೆಗೊಂದು ಮೊಟಕಿದಳು. ಆಮೇಲೆ ಅದೇ ತಲೆ ಸವರಿದಳು. ಹೋಗುವಾಗ ಅಣ್ಣ ನನ್ನ ಹತ್ತಿರ ಬಂದು ಕಿವಿಯಲ್ಲಿ, "ನೀ ರಜಾ ತಗೊಂಡ್ರ ನನಗ ಫೋನ್ ಮಾಡಿ ತಗೋ" ಎಂದ. ಸರ್ಕಾರಿ ನೌಕರಿಗೂ ಅಷ್ಟು ಕಟ್ಟುನಿಟ್ಟು ಇರಲಿಕ್ಕಿಲ್ಲ.

ಆ ಕನ್ನಡಿಯ ಮುಂದೆ ಆಕೆ ಇನ್ನೂ ಅನೇಕ ದೀಪಾವಳಿಗಳ ದೀಪ ತಿರುವಿದಳು. ಎಷ್ಟೋ ಹೊಸಬರು ಆ ಕನ್ನಡಿಯಲ್ಲಿ ಶೂ ಎಂದರು, ಕರಕರ ಎಂದರು. ಒಮ್ಮೆ ಮಾತ್ರ, ಕೆಲಸ ಮುಗಿಸಿ ಕಟ್ಟಿಗೆಯ ಹೊಟ್ಟು ಗುಡಿಸುತ್ತಿದ್ದಾಗ, ತಾನಾಗಿಯೇ ಅಂದಳು, "ನಿನ್ನ ದನಿ ಹೆಂಗದೋ ನನಗ ಗೊತ್ತಿಲ್ಲೋ ನಕಲಿ. ಮಂದಿ ಚಲೋ ಅದ ಅಂತಾರ. ಆದ್ರ ನಿನ್ನ ಮಾರಿಕಿಂತ ಚಲೋ ಇರ್ಲಿಕ್ಕಿಲ್ಲ ಬಿಡು." ನಾನು ಏನೋ ಉತ್ತರ ಕೊಟ್ಟೆ. ಮುಖ ತಿರುಗಿಸಿ ಕೊಟ್ಟೆ, ಆಕೆಗೆ ಕಾಣದಂತೆ...

ಹೋದ ವರ್ಷ ಸಂಕ್ರಾಂತಿಯ ಮುಂದೆ ಮಾವಶಿ ಹೋದಳು. ಮಧ್ಯಾಹ್ನದ ನಿದ್ದೆಯಲ್ಲಿ, ಯಾರಿಗೂ ತ್ರಾಸು ಕೊಡದೆ. ಕೆಲವು ದಿನದ ಮೇಲೆ ಅಣ್ಣ ಒಂದು ಟೆಂಪೋದಲ್ಲಿ ಖರಾದ ಹೇರಿಕೊಂಡು ದೇವಣಿಗೆ ಬಂದ. ಕನ್ನಡಿಗೆ ಆಕೆಯ ಸೀರೆ ಸುತ್ತಿದ್ದ. "ಯಾರಿಗೆ ಕೊಡಬೇಕಂತ ಅವ್ವ ಹೇಳಿಲ್ಲ. ಹೇಳೋದೇನದ ಅದರಾಗ?" ಎಂದ. ಅಪ್ಪ ಅಂಗಳದಲ್ಲಿ ನಿಂತು ಯಂತ್ರವನ್ನು ನೋಡಿದ, ನನ್ನನ್ನು ನೋಡಿದ, ಮೊದಲನೆಯ ಸಲ ಜನರ ಮುಂದೆ ಏನೂ ಅನ್ನಲಿಲ್ಲ.

ಈಗ ನನ್ನ ಶೆಡ್ಡಿಗೂ ಹೊಸಬರು ಬರುತ್ತಾರೆ, ಕುತ್ತಿಗೆಯಲ್ಲಿ ಸಾಯುತ್ತಾರೆ. ಯಾರ ದನಿ ಬೇಕಾದರೂ ತೆಗೆಯುವ ನಾನು ಮಾವಶಿಯ ದನಿಯನ್ನೂ ತೆಗೆಯುತ್ತೇನೆ; ಮಂದಿ ಅದೇ ಆಕೆ ಎನ್ನುತ್ತಾರೆ. ಆದರೆ ಆ ನಗು ಬರುವುದಿಲ್ಲ. ಎಷ್ಟು ಸಲ ಪ್ರಯತ್ನಿಸಿದರೂ ಅದು ನನ್ನ ನಗುವೇ ಆಗಿಬಿಡುತ್ತದೆ.

ಅಕ್ಕನ ಬದನೆಕಾಯಿಯನ್ನು ಇವತ್ತು ಖರಾದಕ್ಕೆ ಕಟ್ಟಿದೆ. ಬಟ್ಟಲಿನ ಗೂಡು ಕುಸುಬೆ ಎಣ್ಣೆ ಕುಡಿದು ಸವೆದಿತ್ತು. ಹಸನು ಮಾಡಿ, ತುಸು ಆಳ ತೆಗೆದು, ತೆಳ್ಳಗಿನ ಒಂದು ಕಟ್ಟಿಗೆಯ ಬಳೆ ತಿರುವಿ ಒಳಗೆ ಕೂರಿಸಿದೆ. ಬಟ್ಟಲು ಗಟ್ಟಿಯಾಗಿ ಕೂತಿತು, ಕಂಠ ಕಟ್ಟಿಗೆಗಿಂತ ಜರಾ ಮೇಲೆ, ಮಾಳಿಗೆಯ ಅತ್ತೆಯ ಹಾಗೆ. ದೀಪದ ಆಕಾರವನ್ನು ಮುಟ್ಟಲಿಲ್ಲ. ಇನ್ನೊಂದು ಸ್ವಲ್ಪ ತೆಗೆದಿದ್ದರೆ ಚಂದದ ಕುತ್ತಿಗೆ ಬರುತ್ತಿತ್ತು. ಈಗ ನನಗೆ ಅದು ಬರುತ್ತದೆ. ಬೇಡ ಎನಿಸಿತು. ಯಾರ ಹಾಗೂ ಇಲ್ಲದ್ದು ನನ್ನ ಕೈಯಲ್ಲಿ ಅದೊಂದೇ ಇದೆ.

ಕೊನೆಯ ಮೇಣ ಹಚ್ಚುವಾಗ, ಶೆಡ್ಡಿನಲ್ಲಿ ಯಾರೂ ಇಲ್ಲದಿದ್ದರೂ, ಬಾಯಿ ತಾನಾಗಿ ಕೇಳಿತು, "ಏನಂತದ ಕಟ್ಟಿಗಿ?" ತಲೆ ಎತ್ತಿದರೆ ಟ್ರ್ಯಾಕ್ಟರ್ ಕನ್ನಡಿಯಲ್ಲಿ ಒಬ್ಬನೇ ಒಬ್ಬ ಕೋತಿ. ಅವನು ತುಟಿಯನ್ನು ಸೂಜಿಯಂತೆ ಮುಂದೆ ಮಾಡಿ, ಕೆನ್ನೆ ಉಬ್ಬಿಸಿ, ಉದ್ದಕ್ಕೆ ಶೂ ಎಂದ. ದನಿ ತೆಗೆಯಲಿಲ್ಲ.